ಗಾಳಿಯೋ ದ್ರವವೋ: ಪ್ರೊಸೆಸರ್‌ಗೆ ಕೂಲರ್ ಆರಿಸುವ ಮುನ್ನ

ಪ್ರೊಸೆಸರ್ ಎಷ್ಟು ವ್ಯಾಟ್ ವಿದ್ಯುತ್ತನ್ನು ಎಳೆದುಕೊಳ್ಳುತ್ತದೆಯೋ ಅಷ್ಟೂ ಶಾಖವಾಗಿ ಹೊರಬೀಳುತ್ತದೆ. ಆ ಶಾಖ ಮೊದಲು ಪ್ರೊಸೆಸರಿನ ಲೋಹದ ಮುಚ್ಚಳಕ್ಕೆ, ಅಲ್ಲಿಂದ ನಡುವಿನ ಸಂದು ತುಂಬಿ ಶಾಖ ದಾಟಿಸುವ ಥರ್ಮಲ್ ಪೇಸ್ಟಿನ ಮೂಲಕ ಕೂಲರಿನ ತಾಮ್ರದ ತಳಕ್ಕೆ, ಮುಂದೆ ಅಲ್ಯೂಮಿನಿಯಂ ರೆಕ್ಕೆಗಳಿಗೆ, ಕೊನೆಗೆ ಫ್ಯಾನ್ ಬೀಸುವ ಗಾಳಿಯೊಡನೆ ಕೋಣೆಗೆ ಹೋಗಿ ಸೇರುತ್ತದೆ. ಏರ್ ಕೂಲರ್ ಆದರೂ ಲಿಕ್ವಿಡ್ ಕೂಲರ್ ಆದರೂ ಈ ದಾರಿಯ ಮೊದಲೂ ಕೊನೆಯೂ ಒಂದೇ; ಬೇರೆಯಾಗಿರುವುದು ನಡುವಿನ ಸಾಗಣೆ ಮಾತ್ರ. ಲಿಕ್ವಿಡ್ ಕೂಲರ್ ಎಂದರೆ ಫ್ರಿಜ್ಜಿನ ಹಾಗೆ ತಂಪನ್ನು ಹುಟ್ಟಿಸುವ ಯಂತ್ರವೆಂದು ಭಾವಿಸಿ ಹಣ ಕೊಡುವವರು ಸಾಕಷ್ಟು ಮಂದಿ ಇರುವುದರಿಂದ ಇದನ್ನು ಆರಂಭದಲ್ಲೇ ಹೇಳಬೇಕಾಯಿತು. ಎರಡರಲ್ಲಿ ಯಾವುದೂ ಪ್ರೊಸೆಸರನ್ನು ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸಲಾರದು.

ಹಾಗಾದ ಮೇಲೆ ‘ಯಾವುದು ಹೆಚ್ಚು ತಂಪು’ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ‘ನನ್ನ ಪ್ರೊಸೆಸರ್ ಎಷ್ಟು ಶಾಖವನ್ನು, ಎಷ್ಟು ಹೊತ್ತು, ಎಂಥ ಕೋಣೆಯಲ್ಲಿ, ಎಂಥ ಕ್ಯಾಬಿನೆಟ್ಟಿನೊಳಗೆ ಹೊರಹಾಕುತ್ತದೆ’ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಆಯ್ದು ಕಂಪ್ಯೂಟರ್ ಕಟ್ಟಿಸುವವರಾಗಲಿ, ಆನ್‌ಲೈನಿನಲ್ಲಿ ತರಿಸಿ ಮನೆಯಲ್ಲೇ ಜೋಡಿಸುವವರಾಗಲಿ, ಈ ನಾಲ್ಕಕ್ಕೆ ಉತ್ತರ ಗೊತ್ತಿಲ್ಲದೆ ಕೂಲರ್ ಕೊಂಡರೆ ಬಣ್ಣದ ದೀಪಕ್ಕೆ ಹಣ ಕೊಟ್ಟಂತಾಗುತ್ತದೆಯೇ ಹೊರತು ಬೇರೇನೂ ಅಲ್ಲ.

ಮೊದಲು ವ್ಯಾಟ್

ಪ್ರೊಸೆಸರಿನ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ವ್ಯಾಟ್ ಸಂಖ್ಯೆಯನ್ನೇ ನಂಬುವಂತಿಲ್ಲ. ಎಎಂಡಿಯ ರೈಝೆನ್ 5 7600ಕ್ಕೆ 65 ವ್ಯಾಟ್ ಎಂದಿದ್ದರೂ ಅದಕ್ಕೆ 88 ವ್ಯಾಟ್‌ವರೆಗೆ ಎಳೆಯುವ ಅನುಮತಿ ಇರುತ್ತದೆ. ಇಂಟೆಲ್‌ನ ಕೋರ್ ಐ5-13400 ಕೂಡ ಹೆಸರಿಗೆ 65 ವ್ಯಾಟಿನದು, ಆದರೆ ಪೂರ್ಣ ವೇಗದಲ್ಲಿ ಅದರ ಮಿತಿ 148 ವ್ಯಾಟ್. ರೈಝೆನ್ 9 7950ಎಕ್ಸ್ 170 ಎಂದು ಹೇಳಿಕೊಂಡು 230ಕ್ಕೆ ಏರುತ್ತದೆ; ಕೋರ್ ಐ9-14900ಕೆ 125ರಿಂದ ಹೊರಟು 253ಕ್ಕೆ ಹೋಗುತ್ತದೆ, ಮದರ್‌ಬೋರ್ಡ್ ಮಿತಿಯನ್ನು ತೆಗೆದುಹಾಕಿದ್ದರೆ ಅದನ್ನೂ ದಾಟುತ್ತದೆ. ಕೂಲರ್ ಹುಡುಕುವಾಗ ನೋಡಬೇಕಾದದ್ದು ಈ ಎರಡನೆಯ, ದೊಡ್ಡ ಸಂಖ್ಯೆ.

ಅದರಲ್ಲೂ ಕೆಲಸದ ಬಗೆಯನ್ನು ಗಮನಿಸಬೇಕು. ಆಟ ಆಡುವಾಗ ಎಲ್ಲ ಕೋರ್‌ಗಳೂ, ಎಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳೆಲ್ಲವೂ, ಒಟ್ಟಿಗೆ ದುಡಿಯುವುದು ಅಪರೂಪ. ಆಟಗಾರರ ಮೆಚ್ಚಿನ ರೈಝೆನ್ 7 7800ಎಕ್ಸ್3ಡಿ 120 ವ್ಯಾಟಿನ ಪ್ರೊಸೆಸರ್ ಎನಿಸಿಕೊಂಡರೂ ಆಟದ ವೇಳೆ ಸಾಮಾನ್ಯವಾಗಿ 100 ವ್ಯಾಟನ್ನು ಮುಟ್ಟುವುದಿಲ್ಲ. ಅದೇ ವಿಡಿಯೊ ರೆಂಡರ್ ಮಾಡುವವರು, ಬ್ಲೆಂಡರ್ ಎಂಬ ಸಾಫ್ಟ್‌ವೇರ್‌ನಲ್ಲಿ ಮೂರು ಆಯಾಮದ ಚಿತ್ರ ಮಾಡುವವರು, ದೊಡ್ಡ ಸಾಫ್ಟ್‌ವೇರ್‌ಗಳನ್ನು ಕಂಪೈಲ್ ಮಾಡುವವರು ದೊಡ್ಡ ಪ್ರೊಸೆಸರಿನ 16 ಕೋರ್‌ಗಳನ್ನೂ ಗಂಟೆಗಟ್ಟಲೆ ಪೂರ್ಣ ಭಾರದಲ್ಲಿ ಓಡಿಸುತ್ತಾರೆ. ಹತ್ತು ಸೆಕೆಂಡಿನ 230 ವ್ಯಾಟಿಗೂ ಎರಡು ಗಂಟೆಯ 230 ವ್ಯಾಟಿಗೂ ಕೂಲರಿನ ದೃಷ್ಟಿಯಲ್ಲಿ ಅಜಗಜಾಂತರವಿದೆ.

ಕೋಣೆಯ ಲೆಕ್ಕ

ಯೂರೋಪು, ಅಮೆರಿಕಗಳ ಪರೀಕ್ಷಕರು ಕೂಲರ್‌ಗಳನ್ನು ಅಳೆಯುವುದು ಹೆಚ್ಚಾಗಿ 20ರಿಂದ 25 ಡಿಗ್ರಿ ಸೆಲ್ಸಿಯಸ್‌ನ ಕೋಣೆಯಲ್ಲಿ. ಅವರ ಪಟ್ಟಿಯಲ್ಲಿ ‘85 ಡಿಗ್ರಿ’ ಎಂದು ಕಂಡ ಕೂಲರನ್ನು ಕಲಬುರಗಿಯಲ್ಲೋ ರಾಯಚೂರಿನಲ್ಲೋ ಏಪ್ರಿಲ್ ತಿಂಗಳ ಮಧ್ಯಾಹ್ನ ಓಡಿಸಿದರೆ ಅದೇ ಸಂಖ್ಯೆ ಸಿಗುವುದಿಲ್ಲ. ಕೂಲರಿನ ನಿಜವಾದ ಅಳತೆ ಕೋಣೆಯ ಉಷ್ಣತೆಗಿಂತ ಪ್ರೊಸೆಸರ್ ಎಷ್ಟು ಮೇಲಿದೆ ಎಂಬುದು. ಶಾಖ ಅಷ್ಟೇ ಇದ್ದರೆ ಆ ಅಂತರ ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. 25 ಡಿಗ್ರಿಯ ಕೋಣೆಯಲ್ಲಿ 85 ತೋರಿಸಿದ ಕೂಲರಿನ ಅಂತರ 60. ಕೋಣೆ 38 ಡಿಗ್ರಿಗೆ ಏರಿದಾಗ ಅದೇ 60 ಸೇರಿ 98 ಆಗುತ್ತದೆ. 7950ಎಕ್ಸ್‌ನ ಮೇಲ್ಮಿತಿ 95, 7800ಎಕ್ಸ್3ಡಿಯದು 89, 14900ಕೆಯದು 100. ಮಿತಿ ತಲುಪಿದೊಡನೆ ಪ್ರೊಸೆಸರ್ ಸುಟ್ಟುಹೋಗುವುದಿಲ್ಲ, ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ಬದುಕಿಕೊಳ್ಳುತ್ತದೆ. ಆದರೆ ಹಣ ಕೊಟ್ಟು ಕೊಂಡ ವೇಗ ಆಗ ಕೈಗೆ ಸಿಗುವುದಿಲ್ಲ.

ಈ ಲೆಕ್ಕ ಎರಡೂ ಬಗೆಯ ಕೂಲರ್‌ಗಳಿಗೆ ಸಮನಾಗಿ ಅನ್ವಯಿಸುತ್ತದೆ. ‘ನಮ್ಮ ಕಡೆ ಬಿಸಿಲು ಜಾಸ್ತಿ, ಆದ್ದರಿಂದ ಲಿಕ್ವಿಡ್ ಬೇಕು’ ಎನ್ನುವ ವಾದ ಅರ್ಧ ಮಾತ್ರ ಸರಿ. ಬಿಸಿಲು ಹೆಚ್ಚಿರುವ ಕಡೆ ಬೇಕಾದದ್ದು ಅಂತರ ಕಡಿಮೆ ಇರುವ, ಎಂದರೆ ತುಸು ದೊಡ್ಡದಾದ ಕೂಲರ್. ಅದು ದೊಡ್ಡ ಏರ್ ಕೂಲರೂ ಆಗಬಹುದು. ಮೈಸೂರಿನಲ್ಲಿ ಸಾಕಾಗುವ ಕೂಲರಿಗಿಂತ ಒಂದು ಮೆಟ್ಟಿಲು ಮೇಲಿನದನ್ನು ಕಲಬುರಗಿಯವರು ಕೊಳ್ಳುವುದು ವಿವೇಕ. ಅಂದಹಾಗೆ ಆ ಕಡೆ ಏರ್ ಕೂಲರ್ ಎಂದೊಡನೆ ಜನರಿಗೆ ನೆನಪಾಗುವುದು ಕಿಟಕಿಯ ಬಳಿ ನೀರು ತುಂಬಿಸಿ ಇಡುವ ಪೆಟ್ಟಿಗೆ. ಕೋಣೆಯನ್ನು ಐದಾರು ಡಿಗ್ರಿ ಇಳಿಸಿದರೆ ಅದು ಕಂಪ್ಯೂಟರಿಗೂ ಅಷ್ಟೇ ಉಪಕಾರ ಮಾಡುತ್ತದೆ, ಅದರ ಗಾಳಿ ನೇರವಾಗಿ ಕ್ಯಾಬಿನೆಟ್ಟಿನ ಮುಖಕ್ಕೆ ಬೀಸದಂತೆ ನೋಡಿಕೊಂಡರೆ ಸಾಕು.

ಒಳಗೆ ನಡೆಯುವುದು ಏನು

ಏರ್ ಕೂಲರಿನಲ್ಲಿ ದ್ರವವೇ ಇಲ್ಲವೆಂದು ತಿಳಿಯಬಾರದು. ಅದರ ತಾಮ್ರದ ಹೀಟ್‌ಪೈಪ್‌ಗಳೊಳಗೆ ಗಾಳಿಯನ್ನು ಹೊರತೆಗೆದು ಕೆಲವೇ ಹನಿ ನೀರನ್ನು ಮುಚ್ಚಿಟ್ಟಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ಆ ನೀರು ಪ್ರೊಸೆಸರಿನ ಕಡೆಯ ತುದಿಯಲ್ಲಿ 100 ಡಿಗ್ರಿಗಿಂತ ಬಹಳ ಕೆಳಗೇ ಆವಿಯಾಗಿ, ರೆಕ್ಕೆಗಳಿರುವ ತುದಿಗೆ ಓಡಿ, ಅನ್ನದ ಪಾತ್ರೆಯ ಮುಚ್ಚಳದ ಅಡಿಯಲ್ಲಿ ಹನಿಗಟ್ಟುವಂತೆ ಅಲ್ಲಿ ತಣಿದು ಮತ್ತೆ ನೀರಾಗುತ್ತದೆ. ಪೈಪಿನ ಒಳಗೋಡೆಗೆ ಅಂಟಿಸಿರುವ ತಾಮ್ರದ ಪುಡಿಯ ಪದರ ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಆ ನೀರನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2400 ಜೂಲ್ ಶಾಖ ಬೇಕು. ಎಂದರೆ 24 ಸೆಕೆಂಡಿಗೆ ಒಂದು ಗ್ರಾಂ ಆವಿಯಾದರೂ 100 ವ್ಯಾಟ್ ಸಾಗಿಹೋಗುತ್ತದೆ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ಮಾಡಿ ತೋರಿಸಿದ ಈ ಉಪಾಯದಲ್ಲಿ ತಿರುಗುವ ಭಾಗ ಒಂದೂ ಇಲ್ಲ. ಏರ್ ಕೂಲರಿನ ಬಾಳಿಕೆಯ ಗುಟ್ಟೂ ಇದೇ.

ಲಿಕ್ವಿಡ್ ಕೂಲರ್ ಎಂದು ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಎಐಒ, ಎಂದರೆ ಕಾರ್ಖಾನೆಯಲ್ಲೇ ದ್ರವ ತುಂಬಿ ಮುಚ್ಚಿದ ಸೆಟ್. ಪ್ರೊಸೆಸರಿನ ಮೇಲೆ ಕೂರುವ ತಾಮ್ರದ ತಳದಲ್ಲಿ ಕೂದಲಿನಷ್ಟು ಸಣ್ಣ ಸಂದುಗಳಿರುತ್ತವೆ. ಪಂಪು ದ್ರವವನ್ನು ಆ ಸಂದುಗಳ ಮೂಲಕ ನೂಕಿ, ರಬ್ಬರಿನ ಕೊಳವೆಗಳಲ್ಲಿ ಸಾಗಿಸಿ, ಕಾರಿನಲ್ಲೂ ಟ್ರ್ಯಾಕ್ಟರಿನಲ್ಲೂ ಇರುವಂಥದ್ದೇ ಒಂದು ರೇಡಿಯೇಟರಿಗೆ ಒಯ್ಯುತ್ತದೆ. ನಿಮಿಷಕ್ಕೆ ಒಂದು ಲೀಟರ್ ನೀರು ಹರಿಯುತ್ತಿದ್ದರೆ 200 ವ್ಯಾಟ್ ಶಾಖವನ್ನು ಹೊತ್ತುಕೊಂಡರೂ ಅದರ ಉಷ್ಣತೆ ಒಂದು ಸುತ್ತಿಗೆ ಮೂರು ಡಿಗ್ರಿಯಷ್ಟೂ ಏರುವುದಿಲ್ಲ. ಸಾಗಣೆಯ ಮಟ್ಟಿಗೆ ದ್ರವ ಮೇಲು ಎನ್ನುವುದರಲ್ಲಿ ಎರಡು ಮಾತಿಲ್ಲ. ಶಾಖವನ್ನು ಇಕ್ಕಟ್ಟಾದ ಮದರ್‌ಬೋರ್ಡಿನ ಮೇಲಿಂದ ಎತ್ತಿ ಕ್ಯಾಬಿನೆಟ್ಟಿನ ಅಂಚಿಗೆ, ಹೆಚ್ಚು ವಿಸ್ತಾರವಾದ ರೆಕ್ಕೆಗಳಿಗೆ ತಲುಪಿಸುವುದು ಅದರ ನಿಜವಾದ ಲಾಭ.

ಇನ್ನೊಂದು ಲಾಭ ಕಣ್ಣಿಗೆ ಬೀಳುವುದು ಕಡಿಮೆ. ಎಐಒ ಒಳಗೆ ಹೆಚ್ಚೂಕಡಿಮೆ ಒಂದು ಲೋಟ ದ್ರವವಿರುತ್ತದೆ. 200 ಗ್ರಾಂ ನೀರಿಗೆ 150 ವ್ಯಾಟ್ ಶಾಖ ಸುರಿದರೆ, ರೇಡಿಯೇಟರಿನಿಂದ ಒಂದಿಷ್ಟೂ ಹೊರಹೋಗದಿದ್ದರೂ, ಹತ್ತು ಡಿಗ್ರಿ ಏರಲು ಹತ್ತಿರಹತ್ತಿರ ಒಂದು ನಿಮಿಷ ಬೇಕು. ಹಾಗಾಗಿ ಕೆಲವೇ ಸೆಕೆಂಡಿನ ಭಾರ ಬಂದು ಹೋದಾಗ ಫ್ಯಾನ್‌ಗಳು ಸಿಡುಕಿ ಎದ್ದು ಸದ್ದು ಮಾಡಬೇಕಾದ ಅಗತ್ಯವಿಲ್ಲ. ಇದೇ ಗುಣ ಕೊಳ್ಳುವವರನ್ನು ದಾರಿ ತಪ್ಪಿಸುವುದೂ ಉಂಟು. ಅಂಗಡಿಯಲ್ಲಿ ಎರಡು ನಿಮಿಷ ಬೆಂಚ್‌ಮಾರ್ಕ್, ಎಂದರೆ ಪ್ರೊಸೆಸರಿಗೆ ಭಾರ ಹೇರುವ ಪರೀಕ್ಷೆ, ಓಡಿಸಿ ‘ನೋಡಿ, ಎಷ್ಟು ತಂಪು’ ಎಂದು ತೋರಿಸಿದರೆ ಆ ಹೊತ್ತಿಗೆ ದ್ರವ ಇನ್ನೂ ಪೂರ್ತಿ ಬಿಸಿಯಾಗಿರುವುದಿಲ್ಲ. ನಿಜವಾದ ಸಂಖ್ಯೆ ಬೇಕಿದ್ದರೆ ಇಪ್ಪತ್ತು ನಿಮಿಷ ಕಾಯಬೇಕು. ಹಾಗೆ ಕಾದಾಗ 240 ಮಿ.ಮೀ. ಎಐಒಗಳಲ್ಲಿ ಹಲವು, ರೆಕ್ಕೆಗಳನ್ನು ಎರಡು ಗೋಪುರಗಳಾಗಿ ಜೋಡಿಸಿದ ಒಳ್ಳೆಯ ಏರ್ ಕೂಲರಿನ ಅಕ್ಕಪಕ್ಕಕ್ಕೆ ಬಂದು ನಿಲ್ಲುತ್ತವೆ.

ರೇಡಿಯೇಟರಿನ ಅಳತೆಯ ಬಗ್ಗೆಯೂ ಒಂದು ಮಾತು ಹೇಳಬೇಕು. 240 ಎಂದರೆ 120 ಮಿ.ಮೀ. ಫ್ಯಾನ್ ಎರಡು, 360 ಎಂದರೆ ಮೂರು, 280 ಎಂದರೆ 140 ಮಿ.ಮೀ. ಫ್ಯಾನ್ ಎರಡು. ಮುಖದ ವಿಸ್ತೀರ್ಣ ಕ್ರಮವಾಗಿ 288, 432, 392 ಚದರ ಸೆಂಟಿಮೀಟರ್. ಕೇಳಲು 280 ಎಂಬುದು 240ರ ತಮ್ಮನಂತೆ ಕಂಡರೂ ಕೆಲಸದಲ್ಲಿ 360ರ ಹತ್ತಿರದ್ದು. ಕ್ಯಾಬಿನೆಟ್ಟಿನಲ್ಲಿ ಜಾಗವಿದ್ದರೆ 240ಕ್ಕಿಂತ ಅದನ್ನು ಆರಿಸುವುದೇ ಲೇಸು. 120 ಮಿ.ಮೀ. ರೇಡಿಯೇಟರಿನ ಎಐಒ ಕೊಳ್ಳಲು ನನಗೆ ಒಂದು ಕಾರಣವೂ ತೋಚುವುದಿಲ್ಲ, ಅತಿ ಚಿಕ್ಕ ಕ್ಯಾಬಿನೆಟ್ಟಿನ ಇಕ್ಕಟ್ಟು ಒಂದನ್ನು ಬಿಟ್ಟರೆ.

ದೊಡ್ಡ ಕೂಲರಿಗೂ ಬಗ್ಗದ ಬಿಸಿ

ಕೆಲವರು 360 ಮಿ.ಮೀ. ಎಐಒ ಹಾಕಿಸಿದ ಮೇಲೂ ರೈಝೆನ್ 7000 ಸರಣಿಯ ಪ್ರೊಸೆಸರ್ 90 ಡಿಗ್ರಿ ದಾಟಿತೆಂದು ಗಾಬರಿಯಾಗುತ್ತಾರೆ. ದೋಷ ಕೂಲರಿನದಲ್ಲ. ಆ ಪ್ರೊಸೆಸರ್‌ಗಳಲ್ಲಿ ಎಂಟು ಕೋರ್‌ಗಳು ಸುಮಾರು 70 ಚದರ ಮಿಲಿಮೀಟರಿನ, ಎಂದರೆ ಕಿರುಬೆರಳ ಉಗುರಿನಷ್ಟು ಅಗಲದ, ಒಂದು ಚಿಪ್ಪಿನಲ್ಲಿ ಕೂತಿರುತ್ತವೆ. ಅಷ್ಟು ಕಿರಿದಾದ ಜಾಗದಿಂದ ಅಷ್ಟು ಶಾಖ ದಪ್ಪನೆಯ ಲೋಹದ ಮುಚ್ಚಳವನ್ನು ದಾಟಿ ಮೇಲೆ ಬರುವಷ್ಟರಲ್ಲೇ ಉಷ್ಣತೆಯ ದೊಡ್ಡ ಪಾಲು ಏರಿಬಿಟ್ಟಿರುತ್ತದೆ; ಕೂಲರಿನ ಕೆಲಸ ಆಮೇಲೆ ಶುರುವಾಗುತ್ತದೆ. ಈ ಪ್ರೊಸೆಸರ್‌ಗಳನ್ನು 95 ಡಿಗ್ರಿಯಲ್ಲೇ ಸದಾ ಓಡುವಂತೆ ರೂಪಿಸಿದ್ದೇವೆಂದು ಎಎಂಡಿ 2022ರಲ್ಲಿ ಅವು ಬಂದಾಗಲೇ ಹೇಳಿತ್ತು. 7800ಎಕ್ಸ್3ಡಿಯಲ್ಲಿ ಕೋರ್‌ಗಳ ಮೇಲೆ ಹೆಚ್ಚುವರಿ ಕ್ಯಾಶ್ ಮೆಮೊರಿಯ (ಪ್ರೊಸೆಸರಿನೊಳಗಿನ ವೇಗದ ನೆನಪಿನ) ಪದರವೂ ಇದ್ದುದರಿಂದ ಶಾಖದ ದಾರಿ ಇನ್ನಷ್ಟು ಬಿಗಿಯಾಗಿತ್ತು. 2024ರ ನವೆಂಬರಿನಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಆ ಪದರವನ್ನು ಕೋರ್‌ಗಳ ಕೆಳಕ್ಕೆ ಸರಿಸಿದ ಮೇಲೆ ಪರಿಸ್ಥಿತಿ ಸುಧಾರಿಸಿತು.

ಇಲ್ಲಿ ಅಂಗಡಿಯವರು ಸಾಮಾನ್ಯವಾಗಿ ಹೇಳದ ಮೂರನೆಯ ದಾರಿಯೊಂದಿದೆ. ಕೂಲರನ್ನು ದೊಡ್ಡದು ಮಾಡುವ ಬದಲು ಶಾಖವನ್ನೇ ಕಡಿಮೆ ಮಾಡಬಹುದು. ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ ಎಎಂಡಿಗೆ ಇಕೋ ಮೋಡ್, ಇಂಟೆಲ್‌ಗೆ ವಿದ್ಯುತ್ ಮಿತಿಯ ಆಯ್ಕೆಗಳಿರುತ್ತವೆ. 7950ಎಕ್ಸ್ ಅನ್ನು 105 ವ್ಯಾಟಿನ ಇಕೋ ಮೋಡಿಗೆ ಇಳಿಸಿದರೆ ಅದರ ನಿಜವಾದ ಮಿತಿ 230ರ ಬದಲು 142 ವ್ಯಾಟ್ ಆಗುತ್ತದೆ, ವೇಗದಲ್ಲಿ ಆಗುವ ಇಳಿತ ಮಾತ್ರ ವಿದ್ಯುತ್ತಿನ ಇಳಿತಕ್ಕಿಂತ ಬಹಳ ಕಡಿಮೆ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ದೊಡ್ಡ ಪ್ರೊಸೆಸರ್‌ಗಳಲ್ಲಿ ಅಸ್ಥಿರತೆ ಕಾಣಿಸಿಕೊಂಡ ಮೇಲೆ, 2024ರಲ್ಲಿ ಕಂಪನಿಯೇ ತನ್ನ ಮೂಲ ಮಿತಿಗಳನ್ನು ಬಳಸುವಂತೆ ಸೂಚಿಸಿ, ಬಯಾಸ್ ಪರಿಷ್ಕರಣೆಗಳನ್ನೂ ಹೊರತಂದಿತು. ಅಂಥ ಪ್ರೊಸೆಸರ್ ಇಟ್ಟುಕೊಂಡವರು ಕೂಲರ್ ಹುಡುಕುವ ಮೊದಲು ಆ ಪರಿಷ್ಕರಣೆ ಹಾಕಿಕೊಳ್ಳಬೇಕು. ಈ ಹತ್ತು ನಿಮಿಷದ ಕೆಲಸಕ್ಕೆ ಖರ್ಚಿಲ್ಲ. ಎಷ್ಟೋ ಸಲ ಇದಾದ ಮೇಲೆ ಕೂಲರ್ ಬದಲಿಸುವ ಮಾತೇ ಉಳಿಯುವುದಿಲ್ಲ.

ಕೆಡುವ ರೀತಿ

ನನ್ನ ತೀರ್ಮಾನದಲ್ಲಿ ಬೆಲೆಗಿಂತ, ಐದಾರು ಡಿಗ್ರಿ ವ್ಯತ್ಯಾಸಕ್ಕಿಂತ ಹೆಚ್ಚು ತೂಗುವುದು ಇದು. ಏರ್ ಕೂಲರಿನಲ್ಲಿ ಕೆಡುವ ಭಾಗ ಫ್ಯಾನ್ ಒಂದೇ. ಅದು ಕೆಡುವ ಮೊದಲು ಕರಕರ ಸದ್ದು ಮಾಡಿ ತಿಳಿಸುತ್ತದೆ, ನಿಂತರೂ ರೆಕ್ಕೆಗಳು ಹಗುರ ಕೆಲಸಕ್ಕೆ ಸಾಕಾಗುವಷ್ಟು ಶಾಖವನ್ನು ಹೊರಹಾಕುತ್ತಲೇ ಇರುತ್ತವೆ, ಯಾವ ಊರಿನಲ್ಲಾದರೂ ಸಿಗುವ 120 ಮಿ.ಮೀ. ಫ್ಯಾನ್ ತಂದು ಸಿಕ್ಕಿಸಿದರೆ ಕೂಲರ್ ಮತ್ತೆ ಹೊಸದು. ಪ್ರೊಸೆಸರ್ ಬದಲಾಗಿ, ಮದರ್‌ಬೋರ್ಡಿನಲ್ಲಿ ಅದು ಕೂರುವ ಸಾಕೆಟ್ ಬೇರೆಯಾದಾಗಲೂ ಹಲವು ತಯಾರಕರು ಹೊಸ ಬ್ರಾಕೆಟ್ ಒದಗಿಸುತ್ತಾರೆ. 2014ರಲ್ಲಿ ಬಂದ ಆಸ್ಟ್ರಿಯಾದ ನಾಕ್ಚುವಾ ಎನ್‌ಎಚ್-ಡಿ15 ಅನ್ನು ಇವತ್ತಿನ ಸಾಕೆಟ್‌ಗಳಿಗೂ ಹಾಕಿಕೊಳ್ಳಬಹುದು.

ಎಐಒದಲ್ಲಿ ಪಂಪು ನಿಂತರೆ ಶಾಖ ಸಾಗುವುದೇ ನಿಲ್ಲುತ್ತದೆ. ನನ್ನ ಬಳಿಯಿದ್ದ 240 ಮಿ.ಮೀ. ಎಐಒ ಐದನೆಯ ವರ್ಷದಲ್ಲಿ ಒಂದು ಸಂಜೆ ಹೀಗೆ ಮೌನವಾಯಿತು. ಬ್ರೌಸರ್ ತೆರೆದಷ್ಟಕ್ಕೇ ಪ್ರೊಸೆಸರ್ ಮಿತಿ ತಲುಪಿ ಕಂಪ್ಯೂಟರ್ ಆಮೆಯಂತೆ ತೆವಳತೊಡಗಿತು. ವಾರಂಟಿ ಮುಗಿದಿರಲಿಲ್ಲವಾದ್ದರಿಂದ ಹೊಸದೇನೋ ಬಂತು, ಆದರೆ ಬರುವ ತನಕ ಮೂರು ವಾರ ಪಕ್ಕದ ಮನೆಯ ಹುಡುಗನಿಂದ ತಂದ ಹಳೆಯ ಏರ್ ಕೂಲರಿನಲ್ಲೇ ಕೆಲಸ ನಡೆಯಿತು. ಪಂಪು ಗಟ್ಟಿಯಿದ್ದರೂ ರಬ್ಬರಿನ ಕೊಳವೆಯ ಮೂಲಕ ದ್ರವ ವರ್ಷಕ್ಕಿಷ್ಟು ಇಂಗಿಹೋಗುತ್ತದೆ; ಬಹುತೇಕ ಮಾದರಿಗಳಲ್ಲಿ ಮತ್ತೆ ತುಂಬಿಸಲು ಅವಕಾಶವಿಲ್ಲ. ತಾಮ್ರದ ತಳ, ಅಲ್ಯೂಮಿನಿಯಂ ರೇಡಿಯೇಟರ್ ಒಂದೇ ದ್ರವದಲ್ಲಿ ಇರುವುದರಿಂದ ತುಕ್ಕು ತಡೆಯುವ ರಾಸಾಯನಿಕ ಹಾಕಿರುತ್ತಾರೆ, ಅದು ದುರ್ಬಲವಾದ ಮೇಲೆ ಗಸಿ ಕಟ್ಟಿ ಆ ಸಣ್ಣ ಸಂದುಗಳು ಮುಚ್ಚಿಕೊಳ್ಳತೊಡಗುತ್ತವೆ. ಜನ ಹೆದರುವ ಸೋರಿಕೆ ಮಾತ್ರ ಅಪರೂಪದ ಸಂಗತಿ. ಆದರೆ ಸೋರಿದಾಗ ದ್ರವ ಬೀಳುವುದು ಕೆಳಗಿರುವ ಗ್ರಾಫಿಕ್ಸ್ ಕಾರ್ಡಿನ ಮೇಲೆ, ಕಂಪ್ಯೂಟರಿನಲ್ಲಿ ಅತ್ಯಂತ ದುಬಾರಿ ಭಾಗದ ಮೇಲೆ. ಎಐಒವನ್ನು ಐದಾರು ವರ್ಷದ ವಸ್ತುವೆಂದು ಎಣಿಸಿಯೇ ಕೊಳ್ಳಬೇಕು.

ಸದ್ದಿನ ವಿಷಯದಲ್ಲಿ ಗೆಲುವು ಯಾರದೆಂದು ಒಂದೇ ಮಾತಿನಲ್ಲಿ ಹೇಳಲಾಗದು. ಭಾರ ಹೆಚ್ಚಿದಾಗ 360 ಮಿ.ಮೀ. ರೇಡಿಯೇಟರ್ ತನ್ನ ಮೂರು ಫ್ಯಾನ್‌ಗಳನ್ನು ನಿಧಾನವಾಗಿ ತಿರುಗಿಸಿಕೊಂಡು ಗದ್ದಲವಿಲ್ಲದೆ ಸಂಭಾಳಿಸುತ್ತದೆ. ಭಾರವಿಲ್ಲದಾಗ ಏರ್ ಕೂಲರ್ ಪೂರ್ತಿ ಮೌನವಾಗಬಲ್ಲದು, ಎಐಒ ಆಗಲಾರದು, ಏಕೆಂದರೆ ಪಂಪು ಸದಾ ತಿರುಗುತ್ತಲೇ ಇರಬೇಕು.

ಕ್ಯಾಬಿನೆಟ್ಟಿನೊಳಗಿನ ಜಾಗ

ಏರ್ ಕೂಲರ್ ಕೊಳ್ಳುವವರು ಎತ್ತರವನ್ನು, ಲಿಕ್ವಿಡ್ ಕೊಳ್ಳುವವರು ಉದ್ದವನ್ನೂ ದಪ್ಪವನ್ನೂ ನೋಡಬೇಕು. ಎನ್‌ಎಚ್-ಡಿ15ರ ಎತ್ತರ 165 ಮಿ.ಮೀ., ಎರಡು ಫ್ಯಾನ್ ಸೇರಿ ತೂಕ 1.3 ಕಿಲೋ, ಬೆಲೆಗೆ ತಕ್ಕ ಕೆಲಸಕ್ಕಾಗಿ ಹೆಸರಾದ ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ 155 ಮಿ.ಮೀ. ಎತ್ತರದ್ದು. ಕ್ಯಾಬಿನೆಟ್ಟಿನ ವಿವರಪಟ್ಟಿಯಲ್ಲಿ ಕೂಲರಿಗೆ ಬಿಟ್ಟ ಎತ್ತರ ಇಷ್ಟಕ್ಕಿಂತ ಕಡಿಮೆಯಿದ್ದರೆ ಪಕ್ಕದ ಗಾಜು ಮುಚ್ಚುವುದಿಲ್ಲ. ಎತ್ತರದ ರ‍್ಯಾಮ್ ಇದ್ದರೆ ಮುಂದಿನ ಫ್ಯಾನನ್ನು ಮೇಲಕ್ಕೆ ಎತ್ತಬೇಕಾಗುತ್ತದೆ, ಆಗ ಆ ಎತ್ತರ ಇನ್ನೂ ಹೆಚ್ಚುತ್ತದೆ. 360 ಮಿ.ಮೀ. ರೇಡಿಯೇಟರಿನ ನಿಜವಾದ ಉದ್ದ 400 ಮಿ.ಮೀ.ಗೆ ಹತ್ತಿರ, ಸಾಮಾನ್ಯ 27 ಮಿ.ಮೀ. ದಪ್ಪಕ್ಕೆ ಫ್ಯಾನಿನ 25 ಸೇರಿಸಿದರೆ 52 ಮಿ.ಮೀ. ಬಿಡುವು ಬೇಕು.

ರೇಡಿಯೇಟರನ್ನು ಎಲ್ಲಿ ಕೂರಿಸುತ್ತೀರಿ ಎಂಬುದು ಅದರ ಆಯಸ್ಸನ್ನೂ ನಿರ್ಧರಿಸುತ್ತದೆ. ಒಳಗೆ ಸೇರಿರುವ ಗಾಳಿಯ ಗುಳ್ಳೆ ಯಾವಾಗಲೂ ಅತಿ ಎತ್ತರದ ಜಾಗಕ್ಕೆ ಹೋಗುತ್ತದೆ. ರೇಡಿಯೇಟರ್ ಕ್ಯಾಬಿನೆಟ್ಟಿನ ಮೇಲ್ಭಾಗದಲ್ಲಿದ್ದರೆ, ಇಲ್ಲವೇ ಮುಂಭಾಗದಲ್ಲಿದ್ದು ಅದರ ತಲೆ ಪಂಪಿಗಿಂತ ಮೇಲಿದ್ದರೆ, ಗುಳ್ಳೆ ಅಲ್ಲಿಯೇ ನಿಂತು ತೊಂದರೆ ಕೊಡದು. ತಳದಲ್ಲಿ ಕೂರಿಸಿದರೆ ಗುಳ್ಳೆ ಪಂಪಿನೊಳಗೆ ಸೇರಿ ಗಳಗಳ ಸದ್ದು ಹುಟ್ಟಿಸಿ ಅದನ್ನು ಬೇಗ ಸವೆಸುತ್ತದೆ. ಮೇಲಿಟ್ಟರೆ ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ರೇಡಿಯೇಟರಿಗೆ ಹೋಗುತ್ತದೆ, ಮುಂದಿಟ್ಟರೆ ರೇಡಿಯೇಟರಿನ ಬಿಸಿಗಾಳಿ ಗ್ರಾಫಿಕ್ಸ್ ಕಾರ್ಡಿಗೆ ಹೋಗುತ್ತದೆ. ಆಟ ಆಡುವವರಿಗೆ ಮೇಲೆಯೇ ಇರಲಿ, ಅವರಲ್ಲಿ ಹೆಚ್ಚು ದುಡಿಯುವುದು ಗ್ರಾಫಿಕ್ಸ್ ಕಾರ್ಡ್. ಏರ್ ಕೂಲರಿಗೆ ಇಲ್ಲೊಂದು ಸಣ್ಣ ಅನುಕೂಲವಿದೆ: ಅದರ ಫ್ಯಾನ್‌ಗಳ ಗಾಳಿ ಸಾಕೆಟ್ಟಿನ ಸುತ್ತಲಿನ ವಿದ್ಯುತ್ ಸರ್ಕ್ಯೂಟಿಗೂ ತಾಗುತ್ತದೆ. ಎಐಒ ಹಾಕಿದಾಗ ಆ ಭಾಗ ಗಾಳಿಯಿಲ್ಲದೆ ಕೂತಿರುತ್ತದೆ.

ದೂಳಿಗೆ ಇಬ್ಬರೂ ಬಲಿಯೇ. ರೇಡಿಯೇಟರಿನ ರೆಕ್ಕೆಗಳು ಒತ್ತೊತ್ತಾಗಿರುವುದರಿಂದ ಬೇಗ ಮುಚ್ಚಿಕೊಳ್ಳುತ್ತವೆ. ರಸ್ತೆಬದಿಯ ಮನೆಯವರು ಎರಡು ಮೂರು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಬೇಕು, ಹಿಡಿಯುವಾಗ ಫ್ಯಾನ್ ಗಿರಗಿರ ತಿರುಗದಂತೆ ಬೆರಳಿನಿಂದ ತಡೆದುಕೊಳ್ಳಬೇಕು.

ಕಂಪ್ಯೂಟರನ್ನು ಬೆಂಗಳೂರಿನಲ್ಲಿ ಜೋಡಿಸಿ ಊರಿಗೆ ಕೊರಿಯರಿನಲ್ಲಿ ಕಳುಹಿಸುವವರು ಮಾತ್ರ ಬೇರೆ ರೀತಿ ಯೋಚಿಸಬೇಕು. ಒಂದು ಕಿಲೋಗಿಂತ ಭಾರದ ಕೂಲರ್ ನಿಂತ ಮದರ್‌ಬೋರ್ಡಿಗೆ ಅಡ್ಡಲಾಗಿ ನೇತಾಡುತ್ತಿರುತ್ತದೆ. ದಾರಿಯಲ್ಲಿ ಬಿದ್ದ ಒಂದೇ ಏಟಿಗೆ ಬೋರ್ಡೇ ಬಿರಿಯಬಹುದು. ಅದನ್ನು ಬಿಚ್ಚಿ ಬೇರೆಯಾಗಿ ಕಳುಹಿಸಬೇಕು, ಇಲ್ಲವೇ ಸಾಕೆಟ್ಟಿನ ಮೇಲೆ ಭಾರ ಹೇರದ ಎಐಒ ಹಾಕಿಸಬೇಕು.

ಯಾರಿಗೆ ಯಾವುದು

ರೈಝೆನ್ 5 7600ರಂಥ ಪ್ರೊಸೆಸರಿಗೆ ಪೆಟ್ಟಿಗೆಯಲ್ಲೇ ಬರುವ ಕೂಲರ್ ಕೆಲಸ ನಡೆಸುತ್ತದೆ, ಸದ್ದು ಬೇಡವೆನ್ನುವವರು ನಾಲ್ಕು ಹೀಟ್‌ಪೈಪ್‌ಗಳ ಒಂಟಿ ಗೋಪುರದ ಏರ್ ಕೂಲರ್ ಕೊಂಡರೆ ಮುಗಿಯಿತು. ಇಂಥದ್ದಕ್ಕೆ 360 ಮಿ.ಮೀ. ಎಐಒ ಹಾಕಿಸುವುದು ಗುಡ್ಡ ಅಗೆದು ಇಲಿ ಹಿಡಿದಂತೆ. 7800ಎಕ್ಸ್3ಡಿ, 9800ಎಕ್ಸ್3ಡಿ ಇಟ್ಟುಕೊಂಡು ಆಟಕ್ಕೇ ಬಳಸುವವರಿಗೆ ಆರು ಹೀಟ್‌ಪೈಪ್‌ಗಳ ಜೋಡಿಗೋಪುರ ಧಾರಾಳವಾಗಿ ಸಾಕು, 360 ಮಿ.ಮೀ. ಎಐಒದ ಹಣದಲ್ಲಿ ಅಂಥವು ಎರಡು ಬರುತ್ತವೆ, ಉಳಿದ ಹಣ ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ. 16 ಕೋರ್‌ಗಳ ರೈಝೆನ್ 9, ಕೋರ್ ಐ9 ಇಟ್ಟುಕೊಂಡು ದಿನವೂ ಗಂಟೆಗಟ್ಟಲೆ ರೆಂಡರ್ ಮಾಡುವವರು, ಇಕೋ ಮೋಡಿನಲ್ಲಿ ಕಳೆದುಹೋಗುವ ಆ ಸ್ವಲ್ಪ ವೇಗವೂ ಸಂಪಾದನೆಗೆ ಸಂಬಂಧಿಸಿದ್ದರೆ, 360 ಮಿ.ಮೀ. ಎಐಒವನ್ನೇ ಕೊಳ್ಳಬೇಕು, ಅದರಲ್ಲೂ ಉತ್ತರ ಕರ್ನಾಟಕದ ಬೇಸಿಗೆಯಲ್ಲಿ ಎಸಿ ಇಲ್ಲದ ಕೋಣೆಯವರು ಇದರಲ್ಲಿ ಜುಗ್ಗತನ ಮಾಡಬಾರದು. ಎತ್ತರದ ಗೋಪುರ ಹಿಡಿಸದ, ಆದರೆ ರೇಡಿಯೇಟರಿಗೆ ಜಾಗ ಬಿಟ್ಟಿರುವ ಚಿಕ್ಕ ಕ್ಯಾಬಿನೆಟ್ಟಿನವರಿಗೂ ಎಐಒ ಸರಿ. ಬೇರೆಬೇರೆ ಭಾಗ ತಂದು ಕೊಳವೆ ಬಗ್ಗಿಸಿ ಸ್ವತಃ ಕಟ್ಟಿಕೊಳ್ಳುವ ಕಸ್ಟಮ್ ಲೂಪ್ ಹವ್ಯಾಸದ ಮಾತು, ಅದನ್ನು ಈ ಹೋಲಿಕೆಗೆ ಎಳೆದು ತರುವುದಿಲ್ಲ. ಕಟ್ಟುವವರು ಬೋರ್‌ವೆಲ್ ನೀರನ್ನಂತೂ ಅದಕ್ಕೆ ತುಂಬಿಸದಿರಲಿ.

ಯಾವುದನ್ನೇ ಕೊಂಡರೂ ಪ್ರೊಸೆಸರಿನ ಮೇಲೆ ಇಳಿಸುವ ಮುನ್ನ ಕೂಲರಿನ ತಳವನ್ನು ಒಮ್ಮೆ ತಿರುಗಿಸಿ ನೋಡಬೇಕು. ತಾಮ್ರದ ಮೇಲೆ ಅಂಟಿಸಿರುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕೀಳುವುದು ಮರೆತು, ಕೂಲರ್ ಸರಿಯಿಲ್ಲವೆಂದು ಅಂಗಡಿಗೆ ಹಿಂದಿರುಗಿಸಲು ಹೋದವರು ಏರ್ ಕಡೆಯಲ್ಲೂ ಇದ್ದಾರೆ, ಲಿಕ್ವಿಡ್ ಕಡೆಯಲ್ಲೂ ಇದ್ದಾರೆ.